ಮಳೆಗಾಲದ ಮನೆಯಲ್ಲಿ ಬೂಸ್ಟು: ಯಾರು ಹೆದರಬೇಕು, ಯಾರು ಹೆದರಬೇಕಿಲ್ಲ

ಜೂನ್ ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೆ ಎಲ್ಲ ಮನೆಗಳಲ್ಲೂ ಒಂದೇ ದೂರು. ಬೀರು ತೆಗೆದರೆ ಮುಗ್ಗಲು ವಾಸನೆ. ಚರ್ಮದ ಬೆಲ್ಟಿನ ಮೇಲೆ ಬಿಳಿ ಪುಡಿ. ಗೋಡೆಯ ಮೂಲೆಯಲ್ಲಿ ಕಪ್ಪು ಚುಕ್ಕೆ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರಕ್ಕೆ ಹೋದರೂ ಕತೆ ಇದೇ, ಚಳಿ ಮಾತ್ರ ಸ್ವಲ್ಪ ಜಾಸ್ತಿ. ಇಷ್ಟು ವರ್ಷ ಇದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒರೆಸಿದರಾಯಿತು, ಬಿಸಿಲು ಬಿದ್ದ ದಿನ ಒಣಗಿಸಿದರಾಯಿತು. ಈಗ ಫೋನಿಗೆ ಬರುವ ವಿಡಿಯೊಗಳು ಬೇರೆಯದೇ ಹೇಳುತ್ತವೆ. ವಾಷಿಂಗ್ ಮಶಿನ್ ಒಳಗೆ, ಡಿಶ್‌ವಾಷರ್ ಒಳಗೆ, ಏಸಿ ಒಳಗೆ ಜೀವ ತೆಗೆಯುವ ಫಂಗಸ್ ಕೂತಿದೆಯಂತೆ. 2021ರ ‘ಬ್ಲ್ಯಾಕ್ ಫಂಗಸ್’ ಕಂಡ ಜನ ಇದಕ್ಕೆ ಹೆದರಿದರೆ ತಪ್ಪೇನಿಲ್ಲ.

ತೊಂದರೆ ಏನೆಂದರೆ, ಈ ವಿಡಿಯೊಗಳು ಪೂರ್ತಿ ಸುಳ್ಳಲ್ಲ. ಫಂಗಸ್ ಅಲ್ಲಿರುವುದು ನಿಜ. ಅದರಲ್ಲಿ ಕೆಲವಕ್ಕೆ ಮನುಷ್ಯನನ್ನು ಕೊಲ್ಲುವ ಶಕ್ತಿ ಇರುವುದೂ ನಿಜ. ಆದರೆ ಇವೆರಡರ ನಡುವೆ ಒಂದು ದೊಡ್ಡ ಅಂತರವಿದೆ. ಅದನ್ನು ಹೇಳದೇ ಬಿಟ್ಟರೆ, ಹೆದರಬೇಕಿಲ್ಲದವರು ಹೆದರುತ್ತಾರೆ, ಹೆದರಬೇಕಾದವರಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಡಿಶ್‌ವಾಷರ್ ಸುದ್ದಿಯ ಮೂಲ ಯುರೋಪಿನ ಸ್ಲೊವೇನಿಯಾದಲ್ಲಿದೆ. ಅಲ್ಲಿನ ಲುಬ್ಲಿಯಾನಾ ವಿಶ್ವವಿದ್ಯಾಲಯದ ಪೊಲೊನಾ ಜಲಾರ್, ನೀನಾ ಗುಂಡೆ-ಸಿಮರ್ಮನ್ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರು ಖಂಡಗಳ 101 ಊರುಗಳಿಂದ 189 ಮನೆಗಳ ಡಿಶ್‌ವಾಷರ್‌ಗಳನ್ನು ನೋಡಿದ್ದರು. ಬಾಗಿಲಿನ ರಬ್ಬರ್ ಪಟ್ಟಿಯನ್ನು ಒರೆಸಿ ತೆಗೆದು ಪರೀಕ್ಷಿಸಿದಾಗ ಶೇ. 62 ಯಂತ್ರಗಳಲ್ಲಿ ಫಂಗಸ್ ಸಿಕ್ಕಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದ್ದದ್ದು ಎಕ್ಸೋಫಿಯಾಲಾ ಎಂಬ ಕಪ್ಪು ಯೀಸ್ಟ್, ಅದೂ ಫಂಗಸ್ಸಿನ ಒಂದು ಬಗೆ. ಸುಡುವಷ್ಟು ಬಿಸಿನೀರು, ಉಪ್ಪು, ಖಾರವಾದ ಡಿಟರ್ಜೆಂಟ್ ಎಲ್ಲವನ್ನೂ ತಾಳಿಕೊಂಡು ಅದು ಅಲ್ಲಿ ಬದುಕಿತ್ತು. ಪಾತ್ರೆಗೆ ಅಂಟಿದ ಬ್ಯಾಕ್ಟೀರಿಯಾ ಸಾಯುವ ಜಾಗದಲ್ಲಿ ಇದು ಸಂಸಾರ ಹೂಡಿತ್ತು.

ಇಲ್ಲಿಯವರೆಗೆ ಸರಿ. ಆದರೆ ಆ ಅಧ್ಯಯನ ಯಾರಿಗೂ ಡಿಶ್‌ವಾಷರ್‌ನಿಂದ ಕಾಯಿಲೆ ಬಂತು ಎಂದು ತೋರಿಸಿಲ್ಲ. ಫಂಗಸ್ ಎಲ್ಲಿದೆ ಎಂದಷ್ಟೇ ತೋರಿಸಿದೆ. ಇನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಡಿಶ್‌ವಾಷರ್ ಇರುವ ಮನೆ ಎಷ್ಟು ಹೇಳಿ? ಇಲ್ಲಿ ನೋಡಬೇಕಾದ್ದು ವಾಷಿಂಗ್ ಮಶಿನ್. ಅದನ್ನೂ ಸ್ಲೊವೇನಿಯಾದವರೇ ನೋಡಿದ್ದಾರೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 70 ಮನೆಗಳ ವಾಷಿಂಗ್ ಮಶಿನ್‌ಗಳ ರಬ್ಬರ್ ಪಟ್ಟಿ ಮತ್ತು ಸೋಪಿನ ಡ್ರಾಯರ್ ಪರೀಕ್ಷಿಸಿದಾಗ ಸುಮಾರು ಶೇ. 79ರಲ್ಲಿ ಫಂಗಸ್ ಇತ್ತು. ಫ್ಯುಸೇರಿಯಂ, ರೋಡೊಟೊರುಲಾ, ಕ್ಯಾಂಡಿಡಾ ಜಾತಿಯವು ಹೆಚ್ಚು. ಸಿಂಕು, ಬೇಸಿನ್ನುಗಳ ಕೊಳವೆಗಳೂ ಹಿಂದೆ ಬಿದ್ದಿಲ್ಲ. ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಕಟ್ಟಡಗಳ ಕೊಳವೆಬಾಯಿಗಳನ್ನು ಒರೆಸಿ ನೋಡಿದಾಗ ಮೂರರಲ್ಲಿ ಎರಡರಷ್ಟು ಕಡೆ ಫ್ಯುಸೇರಿಯಂ ಸಿಕ್ಕಿತ್ತು.

ಈ ಕಪ್ಪು ಯೀಸ್ಟ್ ಎಲ್ಲಿಂದ ಬಂತು ಎಂದು ಹುಡುಕಿದವರ ಕತೆ ಸ್ವಾರಸ್ಯವಾಗಿದೆ. ಕಾಡಿನಲ್ಲಿ ಇದು ಸುಲಭವಾಗಿ ಸಿಗುವುದಿಲ್ಲ. ಸಾಮಾನ್ಯ ಮಣ್ಣಿನಲ್ಲಿ ಹುಡುಕಿದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಥಾಯ್ಲೆಂಡಿನಲ್ಲಿ ಹುಡುಕಿದವರಿಗೆ ಹಬೆಸ್ನಾನದ ಕೋಣೆಗಳಲ್ಲಿ ಧಾರಾಳವಾಗಿ ಸಿಕ್ಕಿತು, ಉಷ್ಣವಲಯದ ಮಳೆಕಾಡಿನಲ್ಲೂ ಅದರ ಸುಳಿವು ಸಿಕ್ಕಿತು. ಕಾಡುಹಣ್ಣು, ಆ ಹಣ್ಣು ತಿನ್ನುವ ಪ್ರಾಣಿ, ಹೀಗೆ ಒಂದು ದಾರಿ ಇರಬಹುದು ಎಂದು ಅವರು ಊಹಿಸಿದರು. ಎಣ್ಣೆ ಬಳಿದ ಮರದ ರೈಲ್ವೆ ಸ್ಲೀಪರುಗಳಲ್ಲೂ ಇದು ಬೆಳೆಯುತ್ತದೆ. (ನಮ್ಮ ಕೊಂಕಣ ರೈಲಿನವು ಕಾಂಕ್ರೀಟು, ಆ ಚಿಂತೆ ಬಿಡಿ.) ಬಿಸಿ, ಒದ್ದೆ, ಜೊತೆಗೆ ತಿನ್ನಲು ಒಂದಿಷ್ಟು ಎಣ್ಣೆ ಅಥವಾ ಸೋಪಿನಂತಹ ರಾಸಾಯನಿಕ. ಇಷ್ಟು ಇದ್ದರೆ ಅದಕ್ಕೆ ಸಾಕು. ಬೇರೆಯವು ಸಾಯುವ ಜಾಗದಲ್ಲಿ ಪೈಪೋಟಿ ಇಲ್ಲದೆ ಬದುಕುವುದು ಅದರ ಪಟ್ಟು. ನಾವು ಮನೆಯೊಳಗೆ ಅಂತಹ ಜಾಗವನ್ನು ಕೈಯಾರೆ ಕಟ್ಟಿಕೊಟ್ಟಿದ್ದೇವೆ.

ಇಲ್ಲಿ ಬಿಸಿಯ ವಿಷಯ ಮುಖ್ಯ. ಲೋಕದಲ್ಲಿ ಲಕ್ಷಗಟ್ಟಲೆ ಜಾತಿಯ ಫಂಗಸ್ ಇವೆ. ಮನುಷ್ಯನಿಗೆ ಕಾಯಿಲೆ ತರುವವು ಕೆಲವು ನೂರು ಮಾತ್ರ. ಇದಕ್ಕೆ ದೊಡ್ಡ ಕಾರಣ ನಮ್ಮ ಮೈಯ ಬಿಸಿ. 2009ರಲ್ಲಿ ವಿನ್ಸೆಂಟ್ ರಾಬರ್ಟ್ ಮತ್ತು ಆರ್ಟುರೊ ಕಸಡೆವಾಲ್ ಎಂಬ ವಿಜ್ಞಾನಿಗಳು ಸಾವಿರಾರು ಫಂಗಸ್ ತಳಿಗಳ ಲೆಕ್ಕ ತೆಗೆದರು. 30ರಿಂದ 40 ಡಿಗ್ರಿ ನಡುವೆ ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು ಶೇ. 6ರಷ್ಟು ತಳಿಗಳು ಬೆಳೆಯಲಾರದೆ ಉದುರುತ್ತಾ ಹೋಗುತ್ತವೆ. ಹಾಗಾಗಿ ಗೋಡೆಯ ಮೇಲಿನ ಬೂಸ್ಟಿನಲ್ಲಿ ಹೆಚ್ಚಿನವು 37 ಡಿಗ್ರಿಯ ಮೈಯೊಳಗೆ ಬಾಳಲಾರವು. ಬಿಸಿನೀರು ಹರಿಯುವ ಯಂತ್ರದ ವಿಚಾರಕ್ಕೆ ವಿಜ್ಞಾನಿಗಳು ತಲೆಕೆಡಿಸಿಕೊಂಡಿರುವುದು ಇದೇ ಕಾರಣಕ್ಕೆ. ಅಲ್ಲಿ ಉಳಿಯುವುದು ಬಿಸಿ ತಾಳುವ ಫಂಗಸ್ ಮಾತ್ರ. ಅಂದರೆ ಮೈಯ ಬಿಸಿಗೂ ಹೆದರದಂಥವು.

ಬಿಸಿಯ ಬೇಲಿ ದಾಟಿದರೂ ಮುಂದೆ ಇನ್ನೊಂದು ಬೇಲಿ ಇದೆ. ನಮ್ಮ ರಕ್ತದ ಬಿಳಿ ಕಣಗಳು. ಆಸ್ಪರ್ಜಿಲಸ್ ಎಂಬ ಬೂಸ್ಟಿನ ಬೀಜಕಣ ಎರಡು–ಮೂರು ಮೈಕ್ರಾನ್ ಗಾತ್ರದ್ದು, ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೇ ಇಳಿಯುತ್ತದೆ. ನೀವೂ ನಾನೂ ದಿನಾ ಅಂಥವನ್ನು ಎಳೆದುಕೊಳ್ಳುತ್ತಲೇ ಇದ್ದೇವೆ. ಏನೂ ಆಗುವುದಿಲ್ಲ. ಬಿಳಿ ಕಣಗಳು ಬಂದು ಮುಗಿಸುತ್ತವೆ. ಇವುಗಳಿಗೆ ಅವಕಾಶವಾದಿ ಫಂಗಸ್ ಎಂದು ಹೆಸರಿಟ್ಟಿರುವುದು ಅದಕ್ಕೇ. ಕಾವಲು ಇರುವ ಮೈಯಲ್ಲಿ ಅವು ಏನೂ ಮಾಡಲಾರವು. ಕಾವಲು ಸಡಿಲವಾದ ಮೈ ಸಿಕ್ಕರೆ ಬಿಡುವುದೂ ಇಲ್ಲ.

2021 ಇದಕ್ಕೆ ದೊಡ್ಡ ಸಾಕ್ಷಿ. ಆ ವರ್ಷ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮ್ಯೂಕರ್ (ಜನ ‘ಬ್ಲ್ಯಾಕ್ ಫಂಗಸ್’ ಎಂದು ಕರೆದದ್ದು ಇದನ್ನೇ) ಪ್ರಕರಣಗಳು, 3 ಸಾವಿರಕ್ಕೂ ಹೆಚ್ಚು ಸಾವು ಎಂದು ಕೇಂದ್ರ ಸರ್ಕಾರವೇ ಹೇಳಿತ್ತು. ಆಗ ಈರುಳ್ಳಿ ಸಿಪ್ಪೆಯ ಕಪ್ಪು, ಫ್ರಿಜ್ಜಿನ ರಬ್ಬರಿನ ಕಪ್ಪು, ಮಾಸ್ಕು, ಆಕ್ಸಿಜನ್ ಬಾಟಲಿಯ ನೀರು, ಹೀಗೆ ಏನೇನೋ ದೂರಿದರು. ಈರುಳ್ಳಿಯ ಕಪ್ಪಿಗೂ ಮ್ಯೂಕರ್‌ಗೂ ಸಂಬಂಧವೇ ಇಲ್ಲ. ರೋಗಿಗಳನ್ನು ಪರೀಕ್ಷಿಸಿದಾಗ ಮತ್ತೆ ಮತ್ತೆ ಕಂಡದ್ದು ಎರಡು: ಹಿಡಿತಕ್ಕೆ ಸಿಗದ ಸಕ್ಕರೆ ಕಾಯಿಲೆ ಮತ್ತು ಕೋವಿಡ್‌ಗೆಂದು ಕೊಟ್ಟ ಲೆಕ್ಕ ಮೀರಿದ ಸ್ಟಿರಾಯ್ಡ್. ಮ್ಯೂಕರ್ ಜಾತಿಯ ಫಂಗಸ್ ಆ ವರ್ಷ ಹೊಸದಾಗಿ ಬಂದದ್ದಲ್ಲ. ಹಿತ್ತಲ ಗೊಬ್ಬರಗುಂಡಿಯಲ್ಲಿ, ಕೊಳೆತ ಹಣ್ಣಿನಲ್ಲಿ, ಹಳೆಯ ಬ್ರೆಡ್ಡಿನಲ್ಲಿ ಅದು ಮೊದಲಿಂದಲೂ ಇತ್ತು. ಆ ವರ್ಷ ಬದಲಾದದ್ದು ನಮ್ಮ ಮೈ.

ಹೊಕ್ಕುವ ದಾರಿಯೂ ಅಷ್ಟೇ ಮುಖ್ಯ. 2002ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿಗೆ ಕೊಟ್ಟ ಸ್ಟಿರಾಯ್ಡ್ ಇಂಜೆಕ್ಷನ್‌ನಲ್ಲಿ ಇದೇ ಎಕ್ಸೋಫಿಯಾಲಾ ಸೇರಿಕೊಂಡು ಐದು ಜನರಿಗೆ ಸೋಂಕಾಯಿತು, ಒಬ್ಬರು ತೀರಿಕೊಂಡರು. ಹತ್ತು ವರ್ಷಗಳ ನಂತರ ಇನ್ನೊಂದು ಜಾತಿಯ ಕಪ್ಪು ಫಂಗಸ್ ಅದೇ ರೀತಿಯ ಇಂಜೆಕ್ಷನ್‌ನಲ್ಲಿ ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಬೆನ್ನುಹುರಿಯ ಹತ್ತಿರಕ್ಕೆ ಸೂಜಿಯಲ್ಲಿ ಇಳಿಸಿದರೆ ಗಟ್ಟಿ ಮೈಯೂ ಸೋಲುತ್ತದೆ. ತಟ್ಟೆಗೆ ಅಂಟಿ ಹೊಟ್ಟೆಗೆ ಹೋಗುವುದು ಬೇರೆ ಮಾತು.

ಹಾಗಾದರೆ ಉತ್ತರ ಕನ್ನಡದವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕೇ? ಬೇಕು ಅನ್ನುತ್ತೇನೆ. ಕಾರಣ ಮಾತ್ರ ವಿಡಿಯೊಗಳು ಹೇಳುವುದಲ್ಲ.

ಹಿಂದೆ ಕಾವಲು ಸಡಿಲವಾದ ಮೈಯವರು ಮನೆಯಲ್ಲಿ ಬಹಳ ಕಾಲ ಇರುತ್ತಿರಲಿಲ್ಲ. ಒಂದೋ ಆಸ್ಪತ್ರೆಯಲ್ಲಿರುತ್ತಿದ್ದರು, ಇಲ್ಲವೇ ಬದುಕುತ್ತಿರಲಿಲ್ಲ. ಈಗ ಹಾಗಲ್ಲ. ಕ್ಯಾನ್ಸರಿಗೆ ಕಿಮೊ ತೆಗೆದುಕೊಳ್ಳುವವರು, ಕಿಡ್ನಿ ಕಸಿ ಆದವರು, ಡಯಾಲಿಸಿಸ್‌ನಲ್ಲಿರುವವರು, ಸಂಧಿವಾತಕ್ಕೆ ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ಎಲ್ಲರೂ ನಮ್ಮ ನಡುವೆ, ನಮ್ಮ ಮನೆಯಲ್ಲೇ ಇದ್ದಾರೆ. ವೈದ್ಯಕೀಯದ ದೊಡ್ಡ ಗೆಲುವು ಇದು. ಆದರೆ ಚಿಕಿತ್ಸೆ ಸಿಗುವುದು ಎಲ್ಲಿ? ದೊಡ್ಡ ಕಾಯಿಲೆ ಅಂದರೆ ಈ ಜಿಲ್ಲೆಯವರು ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಗೋವಾಕ್ಕೋ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇಲ್ಲಿನ ಜನ ಕೇಳುತ್ತಲೇ ಬಂದಿದ್ದಾರೆ. ನಾಲ್ಕೈದು ತಾಸಿನ ಪ್ರಯಾಣ ಮಾಡಿ ಕಿಮೊ ಮುಗಿಸಿ ಬರುವವರು ಮಲಗುವುದು ಎಲ್ಲಿ ಎಂದು ಆ ಆಸ್ಪತ್ರೆಯವರಿಗೆ ಗೊತ್ತಿರುವುದಿಲ್ಲ. ಜುಲೈ ತಿಂಗಳ ಅಂಕೋಲೆಯ ಮನೆ, ತೊಯ್ದ ಗೋಡೆ, ಒಳಗೆ ಹಗ್ಗ ಕಟ್ಟಿ ಹರಡಿದ ಒದ್ದೆ ಬಟ್ಟೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಹೆಸರು, ಮುಂದಿನ ತಾರೀಕು ಇರುತ್ತದೆ. ಮಲಗುವ ಕೋಣೆ ಹೇಗಿರಬೇಕು ಎಂಬ ಒಂದು ಸಾಲೂ ಅಲ್ಲಿ ಇರಬೇಕು ಎನ್ನುವುದು ನನ್ನ ವಾದ.

ಇನ್ನು ನಮ್ಮ ಹವೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಗಾಳಿಯ ತೇವ ಹೆಚ್ಚಿನ ಹೊತ್ತು ಶೇ. 80ರ ಮೇಲೇ ಇರುತ್ತದೆ. ಮನೆಯೊಳಗೆ ಶೇ. 60ರ ಕೆಳಗಿದ್ದರೆ ಬೂಸ್ಟು ಹತೋಟಿಯಲ್ಲಿರುತ್ತದೆ ಎಂಬುದು ಪರದೇಶದ ಸಾಮಾನ್ಯ ಸಲಹೆ. ಕರಾವಳಿಯಲ್ಲಿ ಕಿಟಕಿ ತೆಗೆದರೂ ಅದು ಸಿಗುವುದಿಲ್ಲ, ಮುಚ್ಚಿದರೂ ಸಿಗುವುದಿಲ್ಲ. 2019 ಮತ್ತು 2021ರ ಹಾಗೆ ಕಾಳಿ ನದಿ ಉಕ್ಕಿ ಕದ್ರಾ ಅಣೆಕಟ್ಟಿನ ಕೆಳಗಿನ ಊರುಗಳಿಗೆ ನೀರು ನುಗ್ಗಿದರಂತೂ ಕೇಳುವುದೇ ಬೇಡ. ತೊಯ್ದ ಹಾಸಿಗೆ, ಪ್ಲೈವುಡ್ ಒಂದೆರಡು ದಿನದೊಳಗೆ ಒಣಗದಿದ್ದರೆ ಬೂಸ್ಟು ಶುರು.

ನಮ್ಮ ಹಿರಿಯರಿಗೂ ಇದೇ ಮಳೆ ಇತ್ತಲ್ವಾ? ಇತ್ತು. ಮನೆ ಬೇರೆ ಇತ್ತು. ಹೆಂಚಿನ ಮಾಡಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಬಚ್ಚಲ ಹಂಡೆಯ ಒಲೆ ಬೆಳಗಿನಿಂದ ಉರಿಯುತ್ತಿತ್ತು, ಅದರ ಮೇಲೆ ಬಟ್ಟೆ ಒಣಗುತ್ತಿತ್ತು. ಪಡುಗಾಳಿಯ ಮಳೆ ಗೋಡೆಗೆ ಹೊಡೆಯಬಾರದೆಂದು ಕರಾವಳಿಯಲ್ಲಿ ತೆಂಗಿನ ಮಡಲ ತಟ್ಟಿ, ಘಟ್ಟದ ಮೇಲೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆ ತಟ್ಟಿ ತೆಗೆದದ್ದೇ ದೊಡ್ಡ ತಪ್ಪು ಎಂದು ನನಗೆ ಅನಿಸುತ್ತದೆ. ನಮ್ಮ ಗೋಡೆಯ ಚಿರೇಕಲ್ಲು ತೂತು ತೂತಾದ ಕಲ್ಲು, ನೀರು ಕುಡಿಯುತ್ತದೆ. ಮಳೆ ಹೊಡೆಯುವ ಪಕ್ಕವನ್ನು ಬರೀ ಬಣ್ಣ ಬಳಿದು ಬಿಟ್ಟರೆ ಒಳಗೋಡೆಯಲ್ಲಿ ಕಪ್ಪು ಬಾರದೆ ಇನ್ನೇನು? ಈಗಿನ ಮನೆಗೆ ಗಾಳಿಯಾಡದ ಕಿಟಕಿ, ಅಟ್ಯಾಚ್ಡ್ ಬಾತ್‌ರೂಮು, ಗೀಸರು. ಒಂದು ಸಲ ಒಗೆದ ಬಟ್ಟೆಯನ್ನು ಒಳಗೆ ಒಣಗಿಸಿದರೆ ಒಂದೆರಡು ಲೀಟರ್ ನೀರು ಕೋಣೆಯ ಗಾಳಿಗೇ ಸೇರುತ್ತದೆ. ಹಾಗಂತ ಹಳೆಯದೆಲ್ಲ ಚಿನ್ನವೂ ಅಲ್ಲ. ಆ ಒಲೆಯ ಹೊಗೆ ಎಷ್ಟೋ ಹೆಂಗಸರ ಶ್ವಾಸಕೋಶ ತಿಂದಿದೆ. ತಟ್ಟಿ ಬೇಕು, ಹೊಗೆ ಬೇಡ.

ಶಿರಸಿ ಸೀಮೆಯ ತೋಟಿಗರಿಗೆ ಇದರ ಲೆಕ್ಕಾಚಾರ ಬೇರೆಯವರು ಕಲಿಸಬೇಕಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಕಾಯಿ ಉದುರಿದ ಮೇಲಲ್ಲ, ಮಳೆ ಹಿಡಿಯುವ ಮೊದಲು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಗಳ ಹಿಂದೆ ತೋಟಿಗರಿಗೆ ಹೇಳಿಕೊಟ್ಟದ್ದು ಅದನ್ನೇ. ಮನೆಯಲ್ಲಿ ಕಿಮೊ ತೆಗೆದುಕೊಳ್ಳುವವರೋ ಕಸಿ ಆದವರೋ ಇದ್ದರೆ ಕೋಣೆಯ ಕೆಲಸವೂ ಮೇ ತಿಂಗಳಲ್ಲೇ ಆಗಬೇಕು. ಗೋಡೆಯ ಕಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಣ ಪೊರಕೆಯಲ್ಲಿ ಕೆರೆದರೆ ಕೋಟಿಗಟ್ಟಲೆ ಬೀಜಕಣ ಗಾಳಿಗೆ ಏಳುತ್ತವೆ. ಒರೆಸುವವರು ಮನೆಯ ಗಟ್ಟಿ ಆಳಾಗಿರಲಿ, ರೋಗಿ ಆ ಹೊತ್ತಿಗೆ ಬೇರೆ ಕಡೆ ಇರಲಿ. ಕಪ್ಪಿನ ಮೇಲೆ ಹೊಸ ಬಣ್ಣ ಬಳಿಯುವುದು ಸುಮ್ನೆ ದುಡ್ಡು ದಂಡ, ಸೋರುವ ಜಾಗ ಸರಿಯಾಗದಿದ್ದರೆ ಮುಂದಿನ ವರ್ಷ ಮತ್ತೆ ಬರುತ್ತದೆ. ಬ್ಲೀಚಿಂಗ್ ಪುಡಿಯನ್ನು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಯಾವತ್ತೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಬೂಸ್ಟಿಗಿಂತ ಅದೇ ಬೇಗ ಆಸ್ಪತ್ರೆ ಸೇರಿಸುತ್ತದೆ.

ಯಂತ್ರಗಳ ವಿಷಯದಲ್ಲಿ ಹೇಳುವುದು ಕಡಿಮೆಯೇ. ವಾಷಿಂಗ್ ಮಶಿನ್ ಬಾಗಿಲನ್ನು ಒಗೆದ ಮೇಲೆ ತೆರೆದಿಡಿ. ರಬ್ಬರಿನ ಮಡಿಕೆ ಒರೆಸಿ. ಸೋಪಿನ ಡ್ರಾಯರ್ ಆಗಾಗ ಹೊರತೆಗೆದು ತಿಕ್ಕಿ, ಬಟ್ಟೆ ಮೆತ್ತಗೆ ಮಾಡುವ ದ್ರವದ ಲೋಳೆ ಫಂಗಸ್ಸಿಗೆ ಊಟ. ಬಿಸಿನೀರಿನ ಸೌಲಭ್ಯ ಇದ್ದರೆ ತಿಂಗಳಿಗೊಮ್ಮೆ ಖಾಲಿ ಓಡಿಸಿ. ಕರೆಂಟು ಹೋಗಿ ಒದ್ದೆ ಬಟ್ಟೆ ರಾತ್ರಿಯಿಡೀ ಡ್ರಮ್ಮಿನಲ್ಲೇ ಉಳಿದರೆ ಇನ್ನೊಮ್ಮೆ ಒಗೆಯುವುದೇ ಸರಿ. ಏಸಿಯ ಜಾಲರಿ ತೊಳೆಯುವುದು ಎಲ್ಲರಿಗೂ ಗೊತ್ತು, ಅದರ ನೀರು ಹೋಗುವ ತಟ್ಟೆ ಕಟ್ಟಿಕೊಂಡಿರುವುದು ಯಾರಿಗೂ ಕಾಣುವುದಿಲ್ಲ. ಫ್ರಿಜ್ಜಿನ ಹಿಂದಿನ ನೀರಿನ ತಟ್ಟೆಯೂ ಹಾಗೇ. ಆರೋಗ್ಯವಂತರಿರುವ ಮನೆಗೆ ಇಷ್ಟು ಸಾಕು.

ರೋಗಿ ಇರುವ ಮನೆಯಲ್ಲಿ ನಾನು ಮೊದಲು ನೋಡುವುದು ವಾಷಿಂಗ್ ಮಶಿನ್ ಅಲ್ಲ. ನೆಬ್ಯುಲೈಸರಿನ ಬಟ್ಟಲು, ನಿದ್ರೆಯಲ್ಲಿ ಉಸಿರಾಟಕ್ಕೆ ಹಾಕಿಕೊಳ್ಳುವ ಸಿಪ್ಯಾಪ್ ಯಂತ್ರದ ನೀರಿನ ಡಬ್ಬಿ, ಆಕ್ಸಿಜನ್ ಯಂತ್ರದ ಬಾಟಲಿ. ಇವು ಮೂಗಿಗೆ, ಶ್ವಾಸಕೋಶಕ್ಕೆ ನೇರವಾಗಿ ಊದುವ ವಸ್ತುಗಳು. ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರು, ದಿನಾ ಬದಲು, ದಿನಾ ತೊಳೆದು ಪೂರ್ತಿ ಒಣಗಿಸುವುದು. ಬಾವಿನೀರು ಎಷ್ಟೇ ಸಿಹಿಯಿದ್ದರೂ ಇದಕ್ಕೆ ಬೇಡ.

ಇನ್ನೊಂದು ಫಂಗಸ್ ಇದೆ. ಅದು ಕೊಲ್ಲುವುದಿಲ್ಲ, ಹಾಗಾಗಿ ಅದರ ವಿಡಿಯೊ ಯಾರೂ ಮಾಡುವುದಿಲ್ಲ. ಆದರೆ ಮಳೆಗಾಲದಲ್ಲಿ ಹೆಚ್ಚು ಜನರನ್ನು ಕಾಡುವುದು ಅದೇ. ಗಜಕರ್ಣ, ಹುಳುಕಡ್ಡಿ ಎನ್ನುತ್ತೇವಲ್ಲ, ಅದು. ತೊಡೆಸಂದಿ, ಸೊಂಟ, ಬೆರಳ ಸಂದಿ. ಬೈತಖೋಲ, ತದಡಿ ಬಂದರಿನಲ್ಲಿ ದಿನವಿಡೀ ಒದ್ದೆಯಲ್ಲಿ ನಿಲ್ಲುವವರು, ತೋಟದಲ್ಲಿ ರೇನ್‌ಕೋಟು, ಬೂಟು ಹಾಕಿ ಬೆವರುವವರು, ಅರೆ ಒಣಗಿದ ಚಡ್ಡಿ ಹಾಕಿ ಶಾಲೆಗೆ ಹೋಗುವ ಮಕ್ಕಳು, ಇವರಿಗೆ ಜಾಸ್ತಿ. ಇದು ಅವಕಾಶವಾದಿಯೂ ಅಲ್ಲ, ಗಟ್ಟಿ ಮೈಯನ್ನೂ ಹಿಡಿಯುತ್ತದೆ. ಹಿಂದೆ ಎರಡು ವಾರದ ಮುಲಾಮಿಗೆ ಹೋಗುತ್ತಿತ್ತು. ಈಗ ಹೋಗುವುದಿಲ್ಲ. ಭಾರತದಲ್ಲಿ ಹರಡಿರುವ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ತಳಿಗೆ 2020ರಲ್ಲಿ ಹೆಸರಿಟ್ಟರು. ಟರ್ಬಿನಫಿನ್ ಎಂಬ ಮುಖ್ಯ ಔಷಧಿಗೆ ಅದು ಅನೇಕ ಸಲ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಅದು ಪತ್ತೆಯಾಯಿತು.

ಅದು ಹೀಗೆ ಬಲಿಯಲು ನಾವೂ ಕೈಜೋಡಿಸಿದ್ದೇವೆ. ಅಂಗಡಿಯಲ್ಲಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದು ಕೇಳಿ ತರುವ ಮಿಶ್ರ ಕ್ರೀಮುಗಳಲ್ಲಿ ಬಲವಾದ ಸ್ಟಿರಾಯ್ಡ್ ಇರುತ್ತದೆ. ತುರಿಕೆ ಎರಡೇ ದಿನಕ್ಕೆ ನಿಲ್ಲುತ್ತದೆ, ಚರ್ಮದ ಕಾವಲೂ ನಿಲ್ಲುತ್ತದೆ, ಫಂಗಸ್ ಅಡಿಯಲ್ಲಿ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ತಂದಿತು. ನಿಯಮ ಕಾಗದದಲ್ಲಿದೆ. ವಾಷಿಂಗ್ ಮಶಿನ್ ಇಲ್ಲಿ ಮತ್ತೆ ಬರುತ್ತದೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ತಣ್ಣೀರಿನಲ್ಲೇ ಒಗೆಯುವುದು. ಮೂವತ್ತು ಡಿಗ್ರಿಯ ನೀರಿನಲ್ಲಿ ಈ ಫಂಗಸ್ ಸಾಯುವ ಭರವಸೆ ಇಲ್ಲ, ಒಬ್ಬರ ಟವೆಲ್ಲಿನಿಂದ ಇನ್ನೊಬ್ಬರ ಒಳಉಡುಪಿಗೆ ದಾಟಬಹುದು. ಅರವತ್ತು ಡಿಗ್ರಿಯಲ್ಲಿ ಸಾಯುತ್ತದೆ. ಮನೆಯಲ್ಲಿ ಒಬ್ಬರಿಗೆ ಗಜಕರ್ಣ ಇದ್ದರೆ ಅವರ ಬಟ್ಟೆ ಬೇರೆ ಹಾಕಿ, ಹಂಡೆಯ ಸುಡುನೀರಿನಲ್ಲಿ ನೆನೆಸಿ ಒಗೆಯಿರಿ. ಬಿಸಿಲಿಲ್ಲದ ದಿನ ಒಳಉಡುಪನ್ನು ತಿರುವಿ ಇಸ್ತ್ರಿ ಹೊಡೆಯಿರಿ. ಚರ್ಮ ಕೆರೆದು ಕೆಒಎಚ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆಗೆ ದೊಡ್ಡ ಖರ್ಚಿಲ್ಲ, ಅದನ್ನು ಕೇಳಿ ಮಾಡಿಸಿಕೊಳ್ಳಿ. ವೈದ್ಯರು ಹೇಳಿದಷ್ಟು ವಾರ ಔಷಧಿ ಮುಗಿಸಿ, ತುರಿಕೆ ನಿಂತ ದಿನವೇ ಬಿಡಬೇಡಿ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಹೊರಡಿಸಿತು. 19 ಹೆಸರುಗಳಿವೆ. ತುದಿಯಲ್ಲಿರುವ ನಾಲ್ಕರಲ್ಲಿ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಒಂದು, ಅಂದರೆ ಗೊಬ್ಬರಗುಂಡಿಯಲ್ಲಿ, ಕೊಳೆಯುವ ದರಕಿನ (ಉದುರಿದ ಎಲೆಯ) ರಾಶಿಯಲ್ಲಿ, ತೇವದ ಮನೆಯಲ್ಲಿ ಬೆಳೆಯುವಂಥದು. ಮ್ಯೂಕರ್, ಫ್ಯುಸೇರಿಯಂ ಎರಡನೇ ಸಾಲಿನಲ್ಲಿವೆ. ಡಿಶ್‌ವಾಷರಿನ ಎಕ್ಸೋಫಿಯಾಲಾ ಪಟ್ಟಿಯಲ್ಲೇ ಇಲ್ಲ. ವಿಡಿಯೊಗಳ ಹೆದರಿಕೆಗೂ ವೈದ್ಯರ ಹೆದರಿಕೆಗೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಕಾವಲು ಸಡಿಲವಾದ ಮೈಯವರ ಮನೆಯವರಿಗೆ ಒಂದು ಮಾತು. ಕೆಮ್ಮು–ಜ್ವರ ಬಂದು ಮಾಮೂಲು ಆ್ಯಂಟಿಬಯೋಟಿಕ್‌ಗೆ ಬಗ್ಗದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಒಂದೇ ಪಕ್ಕದ ಕೆನ್ನೆ ನೋವು, ಕಣ್ಣಿನ ಸುತ್ತ ಬಾವು, ಎರಡೆರಡಾಗಿ ಕಾಣುವುದು, ಮೂಗಿನಿಂದ ಕಪ್ಪು ಅಥವಾ ರಕ್ತ ಬೆರೆತ ಸಿಂಬಳ ಇದ್ದರೆ ಮಳೆ ಬಿಡಲಿ ಎಂದು ಕಾಯಬೇಡಿ. ಮ್ಯೂಕರ್‌ನಲ್ಲಿ ಒಂದೆರಡು ದಿನವೂ ಲೆಕ್ಕಕ್ಕೆ ಬರುತ್ತದೆ. ಹೋಗುವಾಗ ಡಿಸ್ಚಾರ್ಜ್ ಚೀಟಿ, ಕೊನೆಯ ಸಕ್ಕರೆ ರಿಪೋರ್ಟು, ಸ್ಟಿರಾಯ್ಡ್ ಎಷ್ಟು ದಿನದಿಂದ ಎಷ್ಟು ಮಿಲಿಗ್ರಾಂ ಎನ್ನುವ ಲೆಕ್ಕ ಜೊತೆಗಿರಲಿ. ‘ಇದು ಫಂಗಸ್ ಇರಬಹುದೇ ಡಾಕ್ಟ್ರೇ?’ ಎಂದು ನೀವೇ ಬಾಯಿಬಿಟ್ಟು ಕೇಳಿ.